ಫಾರ್ಮುಲಾ ಗೊತ್ತು, ಡಾಪ್ಲರ್ ಗೊತ್ತಾ?

ಪಿಯುಸಿಯಲ್ಲಿ ನಾವೆಲ್ಲ ಡಾಪ್ಲರ್ ಎಫೆಕ್ಟ್ ಓದಿದ್ದೀವಿ. ಆಂಬುಲೆನ್ಸ್ ಹತ್ತಿರ ಬಂದಾಗ ಸೈರನ್ ಯಾಕೆ ಕೀರಲಾಗತ್ತೆ ಅಂತ ಲೆಕ್ಕ ಮಾಡಿ ಮಾರ್ಕ್ಸ್ ತಗೊಂಡ್ವಿ. ಆ ಡಾಪ್ಲರ್ ಯಾರು ಅಂತ ಮಾತ್ರ ಕೇಳಲಿಲ್ಲ.

ಕ್ರಿಶ್ಚಿಯನ್ ಡಾಪ್ಲರ್ ಹುಟ್ಟಿದ್ದು 1803ರಲ್ಲಿ, ಈಗಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ. ಮನೆತನದ ಕಸುಬು ಕಲ್ಲುಕೆಲಸ. ಹುಡುಗನ ಆರೋಗ್ಯ ಅದಕ್ಕೆ ಒಗ್ಗಲಿಲ್ಲ, ಓದಿಗೆ ಹಾಕಿದರು. ವಿಯೆನ್ನಾದಲ್ಲಿ ಗಣಿತ ಕಲಿತರೂ ಕಾಯಂ ಕೆಲಸ ಸಿಗಲಿಲ್ಲ. ಹತ್ತಿ ಗಿರಣಿಯೊಂದರಲ್ಲಿ ಲೆಕ್ಕ ಬರೆದರು. ಕೊನೆಗೆ ಸಾಮಾನು ಮಾರಿ ಅಮೆರಿಕಕ್ಕೆ ಹೊರಡಲು ಸಿದ್ಧರಾದರು. ಅಷ್ಟರಲ್ಲಿ, 1835ರಲ್ಲಿ, ಪ್ರಾಗ್‌ನಿಂದ ಮೇಷ್ಟ್ರ ಕೆಲಸಕ್ಕೆ ಕರೆ ಬಂತು. ಆಫರ್ ಲೆಟರ್‌ಗೆ ಕಾಯೋ ಪಾಡು ನಮ್ಮ ಸೀನಿಯರ್‌ಗಳಿಗೆ ಮಾತ್ರ ಅಲ್ಲ!

1842ರ ಮೇ 25ರಂದು ಪ್ರಾಗ್‌ನ ವಿಜ್ಞಾನ ಸಂಘದಲ್ಲಿ ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ ಪ್ರಬಂಧ ಓದಿದರು. ಕೇಳೋಕೆ ಬಂದಿದ್ದು ಬೆರಳೆಣಿಕೆಯ ಜನ. ನಕ್ಷತ್ರಗಳ ಬಣ್ಣಕ್ಕೆ ಅವುಗಳ ಚಲನೆಯೇ ಕಾರಣ ಅನ್ನೋ ಅವರ ಊಹೆ ತಪ್ಪಾಗಿತ್ತು. ಆದರೆ ಅಲೆಗಳ ನಿಯಮ ಸರಿಯಾಗಿತ್ತು. 1845ರಲ್ಲಿ ಹಾಲೆಂಡ್‌ನ ಬೈಸ್ ಬಲ್ಲಟ್, ಓಡೋ ರೈಲಿನಲ್ಲಿ ತುತ್ತೂರಿ ಊದಿಸಿ ಅದನ್ನ ತೋರಿಸಿದರು. 1850ರಲ್ಲಿ ಡಾಪ್ಲರ್ ವಿಯೆನ್ನಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ಸಂಸ್ಥೆಯ ಮುಖ್ಯಸ್ಥರಾದರು. ಅಷ್ಟರಲ್ಲಿ ಶ್ವಾಸಕೋಶ ಕೆಟ್ಟಿತ್ತು. 1853ರ ಮಾರ್ಚ್ 17ರಂದು ವೆನಿಸ್‌ನಲ್ಲಿ ತೀರಿಕೊಂಡಾಗ ವಯಸ್ಸು ಬರೀ 49.

ಅವರ ನಿಯಮ ಈಗ ಎಲ್ಲಿದೆ ನೋಡಿ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಚರ್ಮ ತುಂಬ ತೆಳು. ಎದೆಬಡಿತ ನೋಡೋಕೆ ಅಂಟಿಸಿದ ಎಲೆಕ್ಟ್ರೋಡ್ ತೆಗೆಯುವಾಗ ಚರ್ಮವೂ ಕಿತ್ತು ಬರಬಹುದು. ಅದಕ್ಕೇ ಮಗುವನ್ನ ಮುಟ್ಟದೆ, ರಾಡಾರ್‌ನಿಂದ ಎದೆಬಡಿತ ಅಳೆಯೋ ಪ್ರಯತ್ನ ನಡೀತಿದೆ. 60 ಗಿಗಾಹರ್ಟ್ಸ್ ಅಲೆಯ ಉದ್ದ 5 ಮಿಲಿಮೀಟರ್. ಎದೆ 0.1 ಮಿಲಿಮೀಟರ್ ಅಲುಗಿದರೂ, ಹೋಗಿ ಬರೋ ದಾರಿ ಸೇರಿ, ವಾಪಸ್ ಬಂದ ಅಲೆಯ ಫೇಸ್ ಸುಮಾರು 14 ಡಿಗ್ರಿ ಬದಲಾಗತ್ತೆ.

ತೊಡಕು ಇರೋದು ಉಸಿರಾಟದಲ್ಲಿ. ಉಸಿರಾಡುವಾಗ ಎದೆ ಇನ್ನೂ ಜಾಸ್ತಿ ಅಲುಗತ್ತೆ. ಮಗು ನಿಮಿಷಕ್ಕೆ 45 ಸಲ ಉಸಿರಾಡಿದರೆ ಅದರ ಮೂರನೇ ಹಾರ್ಮೋನಿಕ್ 135. ನವಜಾತ ಶಿಶುವಿನ ಎದೆಬಡಿತವೂ ಹೆಚ್ಚುಕಮ್ಮಿ ಅಲ್ಲೇ! ಯಾವುದು ಉಸಿರು, ಯಾವುದು ಹೃದಯ ಅಂತ ತಪ್ಪಿಲ್ಲದೆ ಬೇರ್ಪಡಿಸಬೇಕು. ಇಲ್ಲಾಂದ್ರೆ ಎದೆಬಡಿತ ಇಳಿದಿದ್ದು ನರ್ಸ್‌ಗೆ ಗೊತ್ತೇ ಆಗಲ್ಲ.

ಸಿಗ್ನಲ್ಸ್ ಕ್ಲಾಸಲ್ಲಿ ಈ ಫಿಲ್ಟರ್ ಎಲ್ಲ ಯಾಕಪ್ಪಾ ಅನ್ನಿಸಿದಾಗ, ಆ ಮಗುವನ್ನ ಒಮ್ಮೆ ನೆನೆಸಿಕೊಳ್ಳೋಣ.