ಗೆಲಿಲಿಯೊ ಕಂಡ ಪಥ

ಗೆಲಿಲಿಯೊ ಗೆಲಿಲಿ 1564ರ ಫೆಬ್ರವರಿ 15ರಂದು ಇಟಲಿಯ ಪೀಸಾ ನಗರದಲ್ಲಿ ಜನಿಸಿದನು. ತಂದೆ ವಿನ್ಸೆಂಜೊ ಸಂಗೀತ ವಿದ್ವಾಂಸ. ಮಗನು ವೈದ್ಯನಾಗಬೇಕೆಂಬುದು ಅವನ ಬಯಕೆಯಾಗಿತ್ತು. ಆದರೆ ಮಗನ ಮನಸ್ಸು ಗಣಿತಕ್ಕೆ ಒಲಿಯಿತು. ಪದವಿ ಪಡೆಯದೆ ಪೀಸಾದ ವಿಶ್ವವಿದ್ಯಾಲಯವನ್ನು ತೊರೆದ ಗೆಲಿಲಿಯೊ 1589ರಲ್ಲಿ ಅಲ್ಲಿಯೇ ಗಣಿತದ ಪ್ರಾಧ್ಯಾಪಕನಾದನು. 1592ರಲ್ಲಿ ಪಾದುವಾ ನಗರಕ್ಕೆ ತೆರಳಿದನು.

ಫಿರಂಗಿಯ ಗುಂಡು ಎಸೆದ ಬಲ ಕುಂದುವವರೆಗೆ ನೇರವಾಗಿ ಸಾಗಿ ಅನಂತರ ನೆಲಕ್ಕೆ ಬೀಳುತ್ತದೆಂದು ಅಂದು ಅನೇಕರು ನಂಬಿದ್ದರು. ಗೆಲಿಲಿಯೊ ಪರೀಕ್ಷಿಸದೆ ಒಪ್ಪುವವನಲ್ಲ. ಅವನು ಇಳಿಜಾರಾದ ಹಲಗೆಯ ಮೇಲೆ ಗುಂಡನ್ನು ಉರುಳಿಸಿದನು. ಪಾತ್ರೆಯಿಂದ ಹರಿದ ನೀರನ್ನು ತೂಗಿ ಕಾಲವನ್ನು ಅಳೆದನು. ಸಮಾನ ಕಾಲಾವಧಿಗಳಲ್ಲಿ ಗುಂಡು ಕ್ರಮಿಸಿದ ದೂರಗಳು 1, 3, 5, 7ರ ಪ್ರಮಾಣದಲ್ಲಿದ್ದವು. ಅವನ್ನು ಕೂಡಿಸುತ್ತ ಹೋದರೆ 1, 4, 9, 16 ದೊರೆಯುತ್ತವೆ. ಎಂದರೆ, ಒಟ್ಟು ದೂರವು ಕಾಲದ ವರ್ಗವನ್ನು ಅನುಸರಿಸುತ್ತದೆ.

ಎಸೆದ ವಸ್ತುವಿನಲ್ಲಿ ಎರಡು ಚಲನೆಗಳು ಕೂಡಿರುತ್ತವೆಂದು ಅವನು ಅರಿತನು. ಅಡ್ಡಲಾಗಿ ಅದು ಸಮವೇಗದಿಂದ ಮುಂದುವರಿಯುತ್ತದೆ. ಕೆಳಮುಖವಾಗಿ ಅದರ ಪತನವು ಕಾಲದ ವರ್ಗದಂತೆ ಬೆಳೆಯುತ್ತದೆ. ಎರಡೂ ಬೆರೆತಾಗ ಮೂಡುವ ಹಾದಿಯೇ ಪರವಲಯ. ಅದರ ಶೃಂಗವು ಗುಂಡು ಏರುವ ಗರಿಷ್ಠ ಎತ್ತರವನ್ನು ತೋರಿಸುತ್ತದೆ. ಸಮತಟ್ಟಾದ ನೆಲದಲ್ಲಿ ಏರಿದ ಹಾದಿಗೆ ಇಳಿಯುವ ಹಾದಿಯು ಪ್ರತಿಬಿಂಬದಂತಿರುತ್ತದೆ. 45 ಡಿಗ್ರಿ ಕೋನದಲ್ಲಿ ಹಾರಿಸಿದ ಗುಂಡು ಅತಿ ದೂರ ಹೋಗುವುದನ್ನು ಫಿರಂಗಿಯವರು ಬಲ್ಲವರಾಗಿದ್ದರು. ಅದರ ಕಾರಣವನ್ನು ಗೆಲಿಲಿಯೊ ಗಣಿತದಿಂದ ಸಾಧಿಸಿದನು. 40 ಮತ್ತು 50 ಡಿಗ್ರಿಗಳಲ್ಲಿ ಒಂದೇ ವೇಗದಿಂದ ಹಾರಿಸಿದ ಗುಂಡುಗಳು ಸಮಾನ ದೂರದಲ್ಲಿ ಬೀಳುವುವೆಂದೂ ತೋರಿಸಿದನು. ಗಾಳಿಯ ತಡೆಯಿಂದ ಈ ಹಾದಿ ತುಸು ಬದಲಾಗುವುದೆಂಬುದನ್ನೂ ಅವನು ಮರೆಮಾಡಲಿಲ್ಲ.

ಭೂಮಿಯು ಸೂರ್ಯನನ್ನು ಸುತ್ತುತ್ತದೆಂಬ ಮತವನ್ನು ಸಮರ್ಥಿಸಿದ್ದಕ್ಕಾಗಿ 1633ರಲ್ಲಿ ರೋಮಿನ ಧರ್ಮಾಧಿಕಾರಿಗಳು ಅವನನ್ನು ವಿಚಾರಣೆಗೆ ಗುರಿಪಡಿಸಿದರು. ಆ ಮತವನ್ನು ಬಲವಂತವಾಗಿ ನಿರಾಕರಿಸಬೇಕಾಯಿತು. ಅನಂತರ ಫ್ಲಾರೆನ್ಸ್ ಬಳಿಯ ಅರ್ಚೆತ್ರಿಯಲ್ಲಿ ಗೃಹಬಂಧನ. 1634ರಲ್ಲಿ ಅಕ್ಕರೆಯ ಮಗಳೂ ತೀರಿಕೊಂಡಳು. ಆದರೂ ವೃದ್ಧನು ಲೇಖನಿಯನ್ನು ಕೆಳಗಿಡಲಿಲ್ಲ. ಯೌವನದಿಂದ ನಡೆಸಿದ ಚಲನೆಯ ಅಧ್ಯಯನವನ್ನೆಲ್ಲ ಗ್ರಂಥರೂಪಕ್ಕೆ ತಂದನು. ತಾಯ್ನಾಡಿನಲ್ಲಿ ಅಚ್ಚಾಗಲು ಅವಕಾಶವಿಲ್ಲದ ಆ ಗ್ರಂಥವು 1638ರಲ್ಲಿ ಹಾಲೆಂಡಿನ ಲೈಡನ್ ನಗರದಿಂದ ಪ್ರಕಟವಾಯಿತು. ಅದು ಕೈಸೇರುವ ವೇಳೆಗೆ ಅವನು ಕುರುಡನಾಗಿದ್ದನು.

1642ರ ಜನವರಿ 8ರಂದು ಗೆಲಿಲಿಯೊ ಕಣ್ಮುಚ್ಚಿದನು. ಅವನ ದೇಹವನ್ನು ಮನೆಯೊಳಗೆ ಬಂಧಿಸಿಡಲು ಸಾಧ್ಯವಾಯಿತು. ಅವನು ಕಂಡ ಸತ್ಯವನ್ನಲ್ಲ. ಮೈದಾನದಲ್ಲಿ ಹುಡುಗನೊಬ್ಬನು ಎಸೆದ ಚೆಂಡು ಏರಿ ಇಳಿಯುವಾಗ ಇಂದಿಗೂ ಅದೇ ನಿಯಮವನ್ನು ಪಾಲಿಸುತ್ತದೆ.