ಅಲೆಕ್ಸಾಂಡರ್ ಕಾಲ್ಡರ್

ಅಲೆಕ್ಸಾಂಡರ್ ಕಾಲ್ಡರ್ (ಜುಲೈ 22, 1898 – ನವೆಂಬರ್ 11, 1976) ಅಮೆರಿಕದ ಪ್ರಸಿದ್ಧ ಶಿಲ್ಪಿ. ತಂದೆ ಮತ್ತು ಅಜ್ಜ ಇಬ್ಬರೂ ಶಿಲ್ಪಿಗಳಾಗಿದ್ದರೂ ಇವರು ಮೊದಲು ಕಲಿತದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1930ರಲ್ಲಿ ಪ್ಯಾರಿಸ್‌ನಲ್ಲಿ ಚಿತ್ರಕಾರ ಮಾಂಡ್ರಿಯನ್ನರ ಕಲಾಶಾಲೆಯನ್ನು ಕಂಡ ಬಳಿಕ ಅಮೂರ್ತ ಕಲೆಯತ್ತ ತಿರುಗಿದರು. ಇವರ ಚಲಿಸುವ ಶಿಲ್ಪಗಳಿಗೆ ‘ಮೊಬೈಲ್’ ಎಂದು ಹೆಸರಿಟ್ಟವರು ಮಾರ್ಸೆಲ್ ದುಶಾಂಪ್.

ಕಾಲ್ಡರರ ಕಲೆ ನೆಲಹಾಸುಗಳಲ್ಲಿಯೂ ಮೂಡಿತು. ಪತ್ನಿ ಲೂಯಿಸಾ ಇವರ ವಿನ್ಯಾಸಗಳನ್ನು ಅನುಸರಿಸಿ, ಒರಟು ಬಟ್ಟೆಯ ಎಳೆಗಳ ನಡುವಿನಿಂದ ಕೊಕ್ಕೆಯಲ್ಲಿ ನೂಲನ್ನು ಎಳೆದು, ಕೈಯಾರೆ ನೆಲಹಾಸುಗಳನ್ನು ತಯಾರಿಸಿದರು. ಗಾಳಿಗೆ ತೂಗುವ ಶಿಲ್ಪದ ಚಲನೆಯನ್ನು ನೂಲಿಗೆ ತರಲಾಗದು. ಆಕಾರಗಳು ಮತ್ತು ಗಾಢ ಬಣ್ಣಗಳು ಮಾತ್ರ ಹಾಗೆಯೇ ಇಳಿದುಬಂದಿವೆ. ಕಾಲ್ಡರ್ ಹೆಸರಿನಿಂದಲೇ ಪರಿಚಿತವಾದ ಈ ಕೃತಿಗಳಲ್ಲಿ ಲೂಯಿಸಾರ ಪಾಲನ್ನೂ ಗುರುತಿಸುವುದು ನ್ಯಾಯ. 1975ರಲ್ಲಿ ಮಧ್ಯ ಅಮೆರಿಕದ ಕುಶಲಕರ್ಮಿಗಳು ಕತ್ತಾಳೆ ನಾರಿನಲ್ಲಿ ಇವರ ವಿನ್ಯಾಸಗಳ ಗೋಡೆಹಾಸುಗಳನ್ನು ಹೆಣೆದರು. ಮರುವರ್ಷ ಕಾಲ್ಡರ್ ನ್ಯೂಯಾರ್ಕ್‌ನಲ್ಲಿ ನಿಧನರಾದರು.