ದಾದಾಭಾಯಿಯವರೂ ವಿಶ್ರಾಂತಿ ವೇತನದ ಲೆಕ್ಕವೂ

ವಿಶ್ರಾಂತಿ ವೇತನವು ಮುಪ್ಪಿನ ಊರುಗೋಲು. ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಅದನ್ನು ತೆರುವವರಾರು, ಅದು ವೆಚ್ಚವಾಗುವುದೆಲ್ಲಿ ಎಂದು ಅಂಕಿಗಳ ಸಮೇತ ಪ್ರಶ್ನಿಸಿದವರಲ್ಲಿ ದಾದಾಭಾಯಿ ನವರೋಜಿಯವರು ಅಗ್ರಗಣ್ಯರು.

1825ರಲ್ಲಿ ಬಡ ಪಾರ್ಸಿ ಪುರೋಹಿತರ ಮನೆತನದಲ್ಲಿ ಜನಿಸಿದ ಈ ಮಹನೀಯರು ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಗಣಿತವನ್ನು ಬೋಧಿಸಿ, 1855ರಲ್ಲಿ ವ್ಯಾಪಾರಾರ್ಥವಾಗಿ ಲಂಡನ್ನಿಗೆ ತೆರಳಿದರು. ಅವರ ಗಣಿತಬುದ್ಧಿಯು ಸರ್ಕಾರದ ಆಯವ್ಯಯದ ಕಡೆಗೆ ಹರಿಯಿತು. 1876ರ ಪ್ರಬಂಧದಲ್ಲಿ ಭಾರತೀಯನ ವಾರ್ಷಿಕ ಆದಾಯವು ತಲೆಗೆ ಸುಮಾರು 20 ರೂಪಾಯಿಯೆಂದು ಗಣಿಸಿ, ಅದು ಸೆರೆಮನೆಯ ಕೈದಿಯ ಅನ್ನವಸ್ತ್ರಗಳ ವೆಚ್ಚಕ್ಕಿಂತಲೂ ಕಡಿಮೆಯೆಂದು ತೋರಿಸಿದರು.

ಆಂಗ್ಲ ಅಧಿಕಾರಿಯು ಸ್ವದೇಶಕ್ಕೆ ಮರಳಿದ ಮೇಲೂ ಅವನ ವಿಶ್ರಾಂತಿ ವೇತನವು ನಮ್ಮ ರೈತನ ಕಂದಾಯದಿಂದಲೇ ಸಲ್ಲುತ್ತಿದ್ದಿತು. ಆ ಹಣವು ಅಲ್ಲಿಯ ಅಂಗಡಿಗಳನ್ನು ಸೇರುತ್ತಿದ್ದಿತೇ ಹೊರತು ಇಲ್ಲಿಯ ನೇಕಾರನಿಗಾಗಲಿ ಬಡಗಿಗಾಗಲಿ ದಕ್ಕುತ್ತಿರಲಿಲ್ಲ. ಹಣದೊಡನೆ ಅಧಿಕಾರಿಯ ಅನುಭವವೂ ದೇಶವನ್ನು ಬಿಟ್ಟುಹೋಗುತ್ತಿದ್ದಿತು. ಭಾರತೀಯರನ್ನೇ ಉನ್ನತ ಹುದ್ದೆಗಳಿಗೆ ನೇಮಿಸುವುದು ಈ ಸೋರಿಕೆಗೆ ಮದ್ದೆಂದು ಅವರು ವಾದಿಸಿದರು.

1892ರಲ್ಲಿ ಕೇವಲ 5 ಮತಗಳ ಅಂತರದಿಂದ ಬ್ರಿಟಿಷ್ ಪಾರ್ಲಿಮೆಂಟಿಗೆ ಚುನಾಯಿತರಾದರು. 1895ರಲ್ಲಿ ಭಾರತದ ವೆಚ್ಚವನ್ನು ಪರಿಶೀಲಿಸಲು ನೇಮಕವಾದ ರಾಯಲ್ ಕಮಿಷನ್ನಿನಲ್ಲಿ ಸದಸ್ಯರಾಗಿದ್ದು, ಬಹುಮತವು ಒಪ್ಪದಿರಲು ಇನ್ನಿಬ್ಬರೊಡನೆ ಭಿನ್ನ ವರದಿಗೆ ಸಹಿ ಹಾಕಿದರು. 1917ರಲ್ಲಿ ಅವರು ತೀರಿಕೊಂಡಾಗ ಆ ಸೋರಿಕೆಯು ನಿಂತಿರಲಿಲ್ಲ. ಸ್ವಾತಂತ್ರ್ಯಾನಂತರವೂ, 1948ರ ಒಪ್ಪಂದದಂತೆ, ಬ್ರಿಟಿಷ್ ಅಧಿಕಾರಿಗಳ ವಿಶ್ರಾಂತಿ ವೇತನದ ಬಾಬ್ತಿಗಾಗಿ ನಮ್ಮ ಸ್ಟರ್ಲಿಂಗ್ ನಿಧಿಯಿಂದ ದೊಡ್ಡ ಮೊತ್ತವೊಂದನ್ನು ಭಾರತವು ತೆರಬೇಕಾಯಿತು.

ವೃದ್ಧನ ತುತ್ತನ್ನು ಕಸಿಯಬೇಕೆಂದು ದಾದಾಭಾಯಿಯವರು ಹೇಳಲಿಲ್ಲ. ತೆರುವವನ ತಟ್ಟೆಯನ್ನೂ ನೋಡಿರೆಂದರು. ಸಾರ್ವಜನಿಕ ವೆಚ್ಚದ ಲೆಕ್ಕ ಬರೆಯುವವರು ಈ ಪಾಠವನ್ನು ಮರೆಯಬಾರದೆಂದು ನಾವು ಭಾವಿಸುತ್ತೇವೆ.